ದೇವಸ್ಥಾನದ ಜಗುಲಿ ಬಿಟ್ಟು ಬಾರದ ಅಣ್ಣ: ಇದು ಸಮಾಧಾನವೇ, ಮುಖ ಮರೆಸಿಕೊಳ್ಳುವುದೇ?

ಕಡಲಮನೆ, ಕಾರವಾರ
ಎಲ್ಲರಿಗೂ ನಮಸ್ಕಾರ. ಊರಿನಲ್ಲಿ ಯಾರನ್ನು ಕೇಳಿದರೂ ಮಾತು ಮರುದಿನವೇ ಬಂದರಿನ ತುಂಬ ಹರಡುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಮೀನುಗಾರರ ಮನೆ. ಅಣ್ಣ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಕಳೆದ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧದ ಅವಧಿ ಮುಗಿದು ಆಗಸ್ಟ್‌ನಲ್ಲಿ ಬೋಟುಗಳು ಇಳಿದಾಗ ಚಿಕ್ಕಪ್ಪನ ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ. ಹುಡುಗನಿಗೆ ಅದು ಮೊದಲ ಹಂಗಾಮು. ಗಾಳಿ ಏಳುವ ಸೂಚನೆ ಇತ್ತಂತೆ. ಇನ್ನೊಂದು ಸಲ ಬಲೆ ಬಿಟ್ಟೇ ಹೋಗೋಣ ಎಂದವನು ಅಣ್ಣ. ಬಲೆ ಎಳೆಯುವಾಗ ತೆರೆ ಹೊಡೆದು ಹುಡುಗ ನೀರಿಗೆ ಬಿದ್ದ. ಅಕ್ಕಪಕ್ಕದ ಬೋಟಿನವರು, ಕರಾವಳಿ ಕಾವಲು ಪೊಲೀಸರು ಎಲ್ಲರೂ ಹುಡುಕಿದರು. ದೇಹ ಸಿಗಲಿಲ್ಲ.

ಅಂದಿನಿಂದ ಅಣ್ಣ ಬೋಟು ಹತ್ತಿಲ್ಲ. ಬೆಳಕು ಹರಿಯುವ ಮೊದಲೇ ದೇವಸ್ಥಾನಕ್ಕೆ ಹೋಗಿ ಅಂಗಳ ಗುಡಿಸುತ್ತಾನೆ, ದೀಪಗಳ ಮಸಿ ಒರೆಸಿ ಎಣ್ಣೆ ತುಂಬುತ್ತಾನೆ. ರಾತ್ರಿ ಭಜನೆ ಮುಗಿದು ಎಲ್ಲರೂ ಎದ್ದು ಹೋದ ಮೇಲೂ ಜಗುಲಿಯ ಕಂಬಕ್ಕೆ ಒರಗಿ ಕುಳಿತಿರುತ್ತಾನೆ. ಅವನಿಗೆ ನಿದ್ದೆ ಹತ್ತುವುದು ಅಲ್ಲಿ ಮಾತ್ರ. ಮನೆಯಲ್ಲಿ ಮಲಗಿಸಿದರೆ ಬೆಚ್ಚಿ ಏಳುತ್ತಾನೆ. ಅತ್ತಿಗೆ ಶೆಟ್ಲಿ (ಸೀಗಡಿ) ಸುಲಿಯುವ ಕೂಲಿಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಳೆ.

ಒಬ್ಬ ಜೋಯಿಸರು ಗೋಕರ್ಣದಲ್ಲಿ ನಾರಾಯಣ ಬಲಿ ಮಾಡಿಸಿದರೆ ಅಣ್ಣನ ಮೇಲಿನ ದೋಷ ಕಳೆಯುತ್ತದೆ ಎಂದಿದ್ದಾರೆ. ಅವರು ಹೇಳಿದ ಮೊತ್ತ ಕೇಳಿ ಅತ್ತಿಗೆ ಬಳೆ ಅಡವಿಡಲು ಹೊರಟಿದ್ದಾಳೆ. ಚಿಕ್ಕಮ್ಮ ಮಾತ್ರ ಮಗ ಸತ್ತನೆಂದು ಒಪ್ಪಿಯೇ ಇಲ್ಲ. ಅವಳ ಮನೆ ದೇವಸ್ಥಾನದ ದಾರಿಯಲ್ಲೇ ಇದೆ. ಅಣ್ಣ ಆ ದಾರಿ ಬಿಟ್ಟು ಗದ್ದೆಯ ಕಡೆಯಿಂದ ಬಳಸಿ ಹೋಗುತ್ತಾನೆ.

ದೇವರ ಹತ್ತಿರ ಅವನಿಗೆ ಸಿಗುತ್ತಿರುವುದು ನಿಜವಾದ ಸಮಾಧಾನವೇ? ನಾವು ಅವನನ್ನು ಅಲ್ಲಿಂದ ಎಬ್ಬಿಸಿ ಕರೆದುಕೊಂಡು ಬರಬೇಕೇ, ಬಿಡಬೇಕೇ?

ಘಟ್ಟದ ಮೇಲಿನವ, ಶಿರಸಿ
ಬಳೆ ಅಡವಿಡಬೇಡಿ ಎಂದು ಅತ್ತಿಗೆಗೆ ಇವತ್ತೇ ಹೇಳಿ ತಂಗಿ. ಉಳಿದದ್ದು ಆಮೇಲೆ.

ಕಾಗದದ ಊರು, ದಾಂಡೇಲಿ
ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಅಣ್ಣನಿಗೆ ಆಗಿರುವುದು ಆಘಾತ. ನಿದ್ದೆ ಬಾರದಿರುವುದು, ಬೆಚ್ಚಿ ಏಳುವುದು, ಆ ದಾರಿಯನ್ನೇ ತಪ್ಪಿಸುವುದು, ಇವೆಲ್ಲ ಅದರ ಲಕ್ಷಣಗಳು. ಅವರಿಗೆ ಬೇಕಾಗಿರುವುದು ಮನೋವೈದ್ಯರು. ಊರಿನವರು ಇದನ್ನು ಭಕ್ತಿ ಎಂದು ಹೊಗಳುತ್ತಾ ಕುಳಿತರೆ ಒಂದು ಸಂಸಾರ ಮುಳುಗುತ್ತದೆ. ದೇವಸ್ಥಾನದ ಅಂಗಳ ಗುಡಿಸಿದರೆ ಮಕ್ಕಳ ಹೊಟ್ಟೆ ತುಂಬುವುದಿಲ್ಲ.

ನಿವೃತ್ತ ಮಾಸ್ತರು, ಹೊನ್ನಾವರ
ದಾಂಡೇಲಿಯವರೇ, ವೈದ್ಯರು ಬೇಕು ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಈ ಮನುಷ್ಯನಿಗೆ ಕಣ್ಣು ಮುಚ್ಚಲು ಜಗತ್ತಿನಲ್ಲಿ ಒಂದೇ ಒಂದು ಜಾಗ ಉಳಿದಿದೆ. ಅದನ್ನೂ ಕಸಿದುಕೊಳ್ಳಿ ಎಂದು ನಾನಂತೂ ಹೇಳಲಾರೆ. ಕುಡಿತಕ್ಕೆ ಬಿದ್ದಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿಲ್ಲ. ಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದಾನೆ. ಅವನೊಳಗೆ ಇನ್ನೂ ಏನೋ ನಿಂತಿದೆ.

ಕುರುಕ್ಷೇತ್ರ ಮುಗಿದ ಮೇಲೆ ಧರ್ಮರಾಯನಿಗೂ ಇದೇ ಆಯಿತು. ಗೆದ್ದ ರಾಜ್ಯ ಕಣ್ಣೆದುರಿಗಿದೆ, ಅವನಿಗೆ ಅದು ಬೇಡ. ಕರ್ಣ ತನ್ನ ಅಣ್ಣನೆಂದು ತಿಳಿದ ಮೇಲಂತೂ ಕಾಡಿಗೆ ಹೋಗುತ್ತೇನೆಂದು ಹಟ ಹಿಡಿದ. ತಮ್ಮಂದಿರು ಹೇಳಿದರು, ದ್ರೌಪದಿ ಹೇಳಿದಳು, ವ್ಯಾಸರು ಹೇಳಿದರು. ಕೊನೆಗೆ ಕೃಷ್ಣ ಅವನನ್ನು ಶರಶಯ್ಯೆಯ ಮೇಲಿದ್ದ ಭೀಷ್ಮನ ಹತ್ತಿರ ಕರೆದುಕೊಂಡು ಹೋದ. ಯಾರ ಸಾವಿಗೆ ತಾನು ಕಾರಣ ಎಂದು ಕೊರಗುತ್ತಿದ್ದನೋ ಆ ಅಜ್ಜನ ಕಾಲ ಬಳಿಯೇ ಅವನು ಕುಳಿತುಕೊಳ್ಳಬೇಕಾಯಿತು. ಕಾಡಿಗೆ ಹೋಗಿದ್ದರೆ ಆ ಮುಖವನ್ನು ನೋಡುವುದು ತಪ್ಪುತ್ತಿತ್ತು. ನಿಮ್ಮ ಅಣ್ಣ ಗದ್ದೆಯ ಕಡೆಯಿಂದ ಬಳಸಿ ಹೋಗುತ್ತಾನೆ ಎಂದಿರಲ್ಲ, ನನಗೆ ಕಳವಳವಾಗಿದ್ದು ಅಲ್ಲಿ. ಜಗುಲಿಯಲ್ಲಿ ಕುಳಿತದ್ದಕ್ಕೆ ಅಲ್ಲ.

ತದಡಿ ಬಂದರು
ಎಲ್ಲರೂ ತಾಂಡೇಲನ ತಲೆಯ ಮೇಲೆಯೇ ಹಾಕುತ್ತಿದ್ದೀರಿ. ಬೋಟಿನಲ್ಲಿ ದುಡಿದವನಾಗಿ ಕೇಳುತ್ತೇನೆ: ಬೋಟು ಯಾರದು? ಜೂನ್ 1ರಿಂದ ಜುಲೈ 31ರವರೆಗೆ ಒಂದು ಪೈಸೆ ಆದಾಯವಿಲ್ಲ. ಅದಕ್ಕೂ ಮೊದಲು ಎಂಜಿನ್ ರಿಪೇರಿ, ಬಲೆ, ಡೀಸೆಲ್ ಎಂದು ಮಾಲೀಕ ಸಾಲ ಮಾಡಿರುತ್ತಾನೆ. ಆಗಸ್ಟ್‌ನಲ್ಲಿ ಖಾಲಿ ಬೋಟು ತಂದರೆ ದಡದಲ್ಲಿ ಮುಖ ತಿರುಗಿಸುತ್ತಾರೆ. ಪಾಲು ಲೆಕ್ಕ ಹಾಕುವಾಗ ಡೀಸೆಲ್ ಖರ್ಚು ಮೊದಲು ಕಳೆಯುತ್ತಾರೆ. ಇನ್ನೊಂದು ಬಲೆ ಎನ್ನುವ ಮಾತು ಬರೀ ತಾಂಡೇಲನ ಬಾಯಿಂದ ಬರುವುದಿಲ್ಲ.

ಹುಡುಗ ಜೀವರಕ್ಷಕ ಜಾಕೆಟ್ ಹಾಕಿದ್ದನೇ? ಬೋಟಿನಲ್ಲಿ ಇತ್ತೇ? ಅದನ್ನು ಕೇಳಿ. ತಪ್ಪನ್ನು ಅದರ ಪಾಲುದಾರರೆಲ್ಲ ಹೊರಲಿ.

ಕಡಲಮನೆ, ಕಾರವಾರ
ಜಾಕೆಟ್ ಇತ್ತು, ಹಾಕಿರಲಿಲ್ಲ. ಬಲೆ ಎಳೆಯುವಾಗ ಅಡ್ಡ ಬರುತ್ತದೆ ಎಂದು ಯಾರೂ ಹಾಕುವುದಿಲ್ಲವಂತೆ. ಅಣ್ಣ ಹೇಳುವುದು ಅದೊಂದನ್ನೇ. "ನಾನು ಒಂದು ಮಾತು ಗದರಿಸಿ ಹೇಳಿದ್ದರೆ ಅವನು ಹಾಕುತ್ತಿದ್ದ."

ತದಡಿ ಬಂದರು
ನಾವು ಯಾರೂ ಹಾಕುವುದಿಲ್ಲ ಅಕ್ಕ. ಅದು ನಿಜ.

ಬನವಾಸಿಯ ಮಗಳು
ಅಣ್ಣನಿಗೆ ಹೇಳಿ, ಹುಡುಗನ ಆಯುಷ್ಯ ಅಷ್ಟೇ ಇತ್ತು. ಹಣೆಯಲ್ಲಿ ಬರೆದದ್ದನ್ನು ಯಾರೂ ಅಳಿಸಲಾರರು. ದೇವರು ಕರೆಸಿಕೊಂಡ, ಅಣ್ಣ ಬರೀ ನೆಪ. ಇದನ್ನು ಮನಸ್ಸಿಗೆ ತಂದುಕೊಂಡರೆ ಭಾರ ಇಳಿಯುತ್ತದೆ.

ಅಂಕೋಲೆಯ ಅಕ್ಕ
ಬನವಾಸಿಯವರೇ, ಈ ಮಾತನ್ನು ಆ ತಾಯಿಯ ಎದುರು ನಿಂತು ಹೇಳುತ್ತೀರಾ? ನೆಪವಾದವನಿಗೆ ಹಿತವಾಗಿ ಕೇಳಿಸುವ ಮಾತು ಹೆತ್ತವಳಿಗೆ ಇರಿತ. ಆಯುಷ್ಯದ ಮಾತನ್ನು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಚಿಕ್ಕಮ್ಮನಿಗೆ ಮಾತ್ರ. ಅವರೇ ಒಂದು ದಿನ "ಅವನ ಆಯುಷ್ಯ ಅಷ್ಟೇ ಮಗಾ, ನೀನೇನು ಮಾಡುತ್ತೀಯ" ಎಂದರೆ ಅದು ಆಶೀರ್ವಾದ. ಉಳಿದ ನಾವೆಲ್ಲ ಹೇಳಿದರೆ ಬಾಯಿ ಮುಚ್ಚಿಸಿದಂತೆ.

ಮಗ ಸತ್ತನೆಂದು ಅವರು ಒಪ್ಪದಿರುವುದನ್ನು ಹುಚ್ಚು ಎನ್ನಬೇಡಿ. 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಆಗ ಕೊಚ್ಚಿಹೋದ ಲಾರಿಯೊಂದು ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಅಲ್ಲಿಯವರೆಗೂ ಆ ಚಾಲಕನ ಮನೆಯವರು ಕಾದರು. ದೇಹ ಕಾಣದೆ ಸಾವನ್ನು ನಂಬು ಎಂದರೆ ಯಾವ ತಾಯಿ ನಂಬುತ್ತಾಳೆ? ಆ ದಿನಗಳಲ್ಲಿ ನಮ್ಮ ಕಡೆಯವರು ಹೇಳುತ್ತಿದ್ದದ್ದನ್ನು ಕಿವಿಯಾರೆ ಕೇಳಿದ್ದೇನೆ: "ಒಂದು ತಾಸು ಮೊದಲು ಗುಡ್ಡದ ಬುಡದ ಅದೇ ಅಂಗಡಿಯಲ್ಲಿ ಚಹಾ ಕುಡಿದು ಹೋಗಿದ್ದೆ, ನಾನು ಉಳಿದೆ." ಉಳಿದದ್ದಕ್ಕೇ ಅವರಿಗೆ ಸಂಕಟ. ಏನೂ ತಪ್ಪು ಮಾಡದವರಿಗೇ ಹಾಗಾದರೆ ನಿಮ್ಮ ಅಣ್ಣನ ಗತಿ ಊಹಿಸಬಲ್ಲೆ.

ಕೋಟಿತೀರ್ಥದ ಬೀದಿ, ಗೋಕರ್ಣ
ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಪೌರೋಹಿತ್ಯ ನಡೆದು ಬಂದಿದೆ. ಹಾಗಾಗಿ ಇಲ್ಲಿ ಒಂದು ತಿದ್ದುಪಡಿ ಬೇಕು.

ನಾರಾಯಣ ಬಲಿ ಮಾಡುವುದು ಮೃತನ ಸದ್ಗತಿಗಾಗಿ. ನೀರಿನಲ್ಲಿ ಮುಳುಗಿಯೋ ಹಾವು ಕಚ್ಚಿಯೋ ದುರ್ಮರಣಕ್ಕೆ ಈಡಾದವರಿಗಾಗಿ ಅದನ್ನು ಮಾಡುತ್ತಾರೆ. ಬದುಕಿರುವವನ ತಪ್ಪಿತಸ್ಥ ಭಾವಕ್ಕೆ ಅದು ಮದ್ದಲ್ಲ. ಅಣ್ಣನ ಮೇಲಿನ ದೋಷ ಹೋಗುತ್ತದೆ ಎಂದು ಹೇಳಿ ಹಣ ಕೇಳಿದ್ದರೆ, ಹೇಳಿದವರು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ದೇಹ ಸಿಗದಿದ್ದಾಗ ದರ್ಭೆ ಮತ್ತು ಮುತ್ತುಗದ ಎಲೆಗಳಿಂದ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸುವ ವಿಧಿ ಇದೆ. ಆದರೆ ತಾಯಿಯೇ ಮಗ ಬದುಕಿದ್ದಾನೆ ಎನ್ನುವಾಗ, ಅವಳಿಗೆ ತಿಳಿಸದೆ ದಾಯಾದಿ ಅಣ್ಣ ಒಬ್ಬನೇ ಬಂದು ಅದನ್ನು ಮಾಡಿ ಮುಗಿಸುವುದು ಸರಿಯಲ್ಲ. ಹಾಗೆ ಬಂದವರನ್ನು ನಮ್ಮ ತಂದೆ ಕೂರಿಸಿ, ಊಟ ಹಾಕಿ, ವಾಪಸ್ ಕಳುಹಿಸಿದ್ದನ್ನು ನೋಡಿದ್ದೇನೆ.

ಪ್ರಾಯಶ್ಚಿತ್ತ ಬೇರೆ. ಧರ್ಮಶಾಸ್ತ್ರದಲ್ಲಿ ಅದರ ಮೊದಲ ಮೆಟ್ಟಿಲು ತಪ್ಪನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು, ಆಮೇಲೆ ಪಶ್ಚಾತ್ತಾಪ. ತಪಸ್ಸು, ಅಧ್ಯಯನ, ದಾನಗಳೆಲ್ಲ ಅದರ ನಂತರ. ಜನ ಕೊನೆಯಿಂದ ಹಿಡಿಯುತ್ತಾರೆ, ಏಕೆಂದರೆ ದಾನ ಕೊಡುವುದು ಸುಲಭ, ಬಾಯಿ ಬಿಡುವುದು ಕಷ್ಟ. ನಿಮ್ಮ ಅಣ್ಣ ಯಾರ ಮುಂದಾದರೂ ಪೂರ್ತಿ ಹೇಳಿಕೊಂಡಿದ್ದಾರೆಯೇ?

ಕಡಲಮನೆ, ಕಾರವಾರ
ನನಗೆ ಚೂರು ಚೂರು ಹೇಳಿದ್ದಾನೆ. ಚಿಕ್ಕಮ್ಮನಿಗೆ ಹೇಳಿಲ್ಲ. ಆ ದಿನ ಏನಾಯಿತು ಎಂಬುದನ್ನು ಅವಳು ಬೇರೆಯವರ ಬಾಯಿಂದಲೇ ಕೇಳಿದ್ದು.

ಸುಂಕೇರಿಯ ನರ್ಸ್
ಕೋಟಿತೀರ್ಥದವರ ಮಾತು ಓದಿ ನಮ್ಮ ಅಜ್ಜಿಯ ನೆನಪಾಯಿತು. ನಮ್ಮಲ್ಲಿ ಪಾಪನಿವೇದನೆ ಇದೆ. ಪಾದ್ರಿಗಳ ಬಳಿ ಮೊಣಕಾಲೂರಿ ಹೇಳಿಕೊಂಡದ್ದು ಅಲ್ಲಿಂದ ಹೊರಗೆ ಬರುವುದಿಲ್ಲ, ಅವರು ಯಾರಿಗೂ ಹೇಳುವಂತಿಲ್ಲ. ಹೊರಗಿನವರು ಅದನ್ನು ಹೇಳಿದೆ, ತೊಳೆಯಿತು, ಮುಗಿಯಿತು ಎಂದು ತಿಳಿಯುತ್ತಾರೆ. ಹಾಗಲ್ಲ. ಕದ್ದವನು ಕದ್ದದ್ದನ್ನು ಹಿಂದಿರುಗಿಸಬೇಕು, ಇನ್ನೊಬ್ಬರ ಹೆಸರು ಕೆಡಿಸಿದವನು ಅದನ್ನು ಸರಿಪಡಿಸಬೇಕು. ಗದ್ದೆಯ ಗಡಿಯ ಜಗಳದಲ್ಲಿ ಅಜ್ಜಿ ನೆರೆಯವಳೊಡನೆ ಮಾತು ಬಿಟ್ಟಿದ್ದಳು. ಅವಳು ಪಾಪನಿವೇದನೆ ಮಾಡಿ ಬಂದ ಸಂಜೆ ಕೊಡಪಾನ ಹಿಡಿದು ಬೇಕೆಂದೇ ಆ ನೆರೆಯವಳ ಬಾವಿಗೆ ನೀರಿಗೆ ಹೋದಳು. ನಮ್ಮ ಬಾವಿಯಲ್ಲಿ ನೀರಿತ್ತು. ಚಿಕ್ಕವಳಾಗಿದ್ದ ನನಗೆ ಏಕೆಂದು ಅರ್ಥವಾಗಿರಲಿಲ್ಲ.

ಇನ್ನು ನರ್ಸ್ ಆಗಿ ಹೇಳುವುದು. ನಿದ್ದೆ ಇಲ್ಲದೆ ಇಷ್ಟು ಕಾಲ ಕಳೆದವರು ಒಮ್ಮೊಮ್ಮೆ ಜೀವ ಬೇಡ ಎನ್ನುವ ಹಂತಕ್ಕೆ ಬರುತ್ತಾರೆ. ಅವರು ಹಾಗೇನಾದರೂ ಮಾತನಾಡಿದ್ದಾರೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನವರು ಹಗಲು ರಾತ್ರಿ ಯಾವಾಗಲಾದರೂ ಮಾತನಾಡುತ್ತಾರೆ, ಕನ್ನಡದಲ್ಲಿಯೇ, ಉಚಿತವಾಗಿ. ಕಾರವಾರದ ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಿ. ನಿದ್ದೆಗೆ ಔಷಧ ತೆಗೆದುಕೊಂಡರೆ ಭಕ್ತಿಗೆ ಕುಂದು ಬರುವುದಿಲ್ಲ.

ಕಾಗದದ ಊರು, ದಾಂಡೇಲಿ
ಸುಂಕೇರಿಯವರೇ, ನಾನು ಹೇಳಬೇಕಾಗಿದ್ದನ್ನು ನೀವು ಎಷ್ಟೋ ಚೆನ್ನಾಗಿ ಹೇಳಿದಿರಿ.

ಘಟ್ಟದ ಮೇಲಿನವ, ಶಿರಸಿ
ಆಸ್ಪತ್ರೆಯ ಮಾತು ಬಂತು, ಅದಕ್ಕೇ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ತಪ್ಪಿತಸ್ಥ ಭಾವ ಮನೆಮನೆಯಲ್ಲಿಯೂ ಇದೆ. ಎದೆನೋವು ಎಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ. ನಮ್ಮ ಭಾವನ ತಂದೆಯನ್ನು ದೇವಿಮನೆ ಘಟ್ಟ ಇಳಿಸಿ ಕರೆದೊಯ್ಯುವಾಗ ದಾರಿಯಲ್ಲೇ ಜೀವ ಹೋಯಿತು. ಹುಬ್ಬಳ್ಳಿಯ ಕಡೆ ಹೋಗಿದ್ದರೆ ಉಳಿಯುತ್ತಿದ್ದರೇನೋ ಎಂದು ಭಾವ ಇವತ್ತಿಗೂ ಕೊರಗುತ್ತಾನೆ. ಮಾರಿಕಾಂಬೆಯ ಜಾತ್ರೆಯಲ್ಲಿ ಉಡಿ ತುಂಬಿಸುವಾಗಲೂ ಕಣ್ಣೀರು. ಅವನು ದೇವಿಯ ಹತ್ತಿರ ಕ್ಷಮೆ ಕೇಳುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಕ್ಷಮೆ ಕೇಳಬೇಕಾದವರು ಬೇರೆ ಇದ್ದಾರೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2019ರಲ್ಲಿಯೂ ಕೂಗಿದೆವು, 2022ರಲ್ಲಿಯೂ ಕೂಗಿದೆವು.

ತದಡಿ ಬಂದರು
ನೂರಕ್ಕೆ ನೂರು ಸತ್ಯ. ಬಡವರಿಗೆ ಪಶ್ಚಾತ್ತಾಪ, ದೊಡ್ಡವರಿಗೆ ಭರವಸೆ ಕೊಡುವ ಕೆಲಸ.

ನಿವೃತ್ತ ಮಾಸ್ತರು, ಹೊನ್ನಾವರ
ಸಿಟ್ಟು ನ್ಯಾಯವಾದದ್ದು. ಆದರೆ ನಿಮ್ಮ ಭಾವನ ಕಥೆಯೂ ಈ ತಾಂಡೇಲನ ಕಥೆಯೂ ಒಂದೇ ಅಲ್ಲ. ಭಾವ ಮಾಡಿದ್ದರಲ್ಲಿ ತಪ್ಪೇ ಇಲ್ಲ, ಅವರಿಗೆ ಹಾಗೆಂದು ಗಟ್ಟಿಯಾಗಿ ಹೇಳಬೇಕು. ಇಲ್ಲಿ ಒಂದಿಷ್ಟು ತಪ್ಪು ಇದೆ. ಆ ಒಂದಿಷ್ಟನ್ನು ಇಲ್ಲವೆಂದು ಸವರಿ ಹಾಕಿದರೆ ಅವನು ನಂಬುವುದಿಲ್ಲ, ನಮ್ಮನ್ನೂ ದೂರ ಇಡುತ್ತಾನೆ.

ಅಂಗೈ ಜ್ಯೋತಿಷ್ಯ
ನಿಮ್ಮ ಅಣ್ಣನ ನಕ್ಷತ್ರ, ರಾಶಿ ಕಳುಹಿಸಿ. ಸಮುದ್ರ ದೋಷಕ್ಕೆ ಶೀಘ್ರ ಪರಿಹಾರ ಇದೆ.

ನಿರ್ವಾಹಕರು
ಮೇಲಿನ ಖಾತೆಯ ದೂರವಾಣಿ ಸಂಖ್ಯೆಯನ್ನು ಅಳಿಸಲಾಗಿದೆ, ಖಾತೆಯನ್ನೂ ತಡೆಹಿಡಿಯಲಾಗಿದೆ. ಆಸ್ಪತ್ರೆಯ ಹೋರಾಟದ ಬಗ್ಗೆ ಪ್ರತ್ಯೇಕ ಚರ್ಚೆ ಇದೆ, ಅದನ್ನು ದಯವಿಟ್ಟು ಅಲ್ಲಿ ಮುಂದುವರಿಸಿ.

ಭಟ್ಕಳದ ಬರಹಗಾರ
ತಂಗಿ, ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದನ್ನು ಬರೆಯುತ್ತೇನೆ. ತೌಬಾ ಎಂದರೆ ಆ ತಪ್ಪನ್ನು ಬಿಡಬೇಕು, ಮನಸ್ಸಿನಿಂದ ನೊಂದುಕೊಳ್ಳಬೇಕು, ಮತ್ತೆ ಮಾಡುವುದಿಲ್ಲವೆಂದು ನಿಶ್ಚಯಿಸಬೇಕು. ಅಲ್ಲಾಹನಿಗೂ ನನಗೂ ನಡುವಿನ ತಪ್ಪಾದರೆ ಅಷ್ಟು ಸಾಕು. ಇನ್ನೊಬ್ಬ ಮನುಷ್ಯನ ಹಕ್ಕು ಅದರಲ್ಲಿ ಸೇರಿದ್ದರೆ ಅವನ ಬಾಗಿಲಿಗೆ ಹೋಗಲೇಬೇಕು. ರಾತ್ರಿಯಿಡೀ ನಮಾಜು ಮಾಡಿದರೂ ಆ ಹಕ್ಕು ತೀರುವುದಿಲ್ಲ.

ಉದ್ದೇಶವಿಲ್ಲದೆ, ಕೈತಪ್ಪಿನಿಂದ ಒಬ್ಬನ ಜೀವ ಹೋದಾಗ ಏನು ಮಾಡಬೇಕೆಂಬುದನ್ನೂ ಕುರಾನ್ ಹೇಳುತ್ತದೆ. ಸತ್ತವನ ಕುಟುಂಬಕ್ಕೆ ಪರಿಹಾರ ಕೊಡಬೇಕು, ಅವರಾಗಿಯೇ ಬಿಟ್ಟುಕೊಟ್ಟರೆ ಮಾತು ಬೇರೆ. ಆ ಕಾಲದಲ್ಲಿ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕಿತ್ತು, ಅದಾಗದವನಿಗೆ ಎರಡು ತಿಂಗಳು ಎಡೆಬಿಡದ ಉಪವಾಸ. ನಿಮ್ಮ ಅಣ್ಣನ ಪ್ರಕರಣ ಅದಕ್ಕೆ ಹೊಂದುತ್ತದೆ ಎಂದು ನಾನು ತೀರ್ಪು ಕೊಡುತ್ತಿಲ್ಲ. ಬೇಕೆಂದು ಮಾಡಿಲ್ಲ ಎಂದ ಮಾತ್ರಕ್ಕೆ ಆ ಕುಟುಂಬವನ್ನು ಮರೆತುಬಿಡು ಎಂದು ಧರ್ಮ ಹೇಳಲಿಲ್ಲ. ಹಾಗೆಯೇ ಅವನನ್ನು ಕೊಲೆಗಾರನೆಂದೂ ಕರೆಯಲಿಲ್ಲ. ಅವನು ಮಾಡಬಹುದಾದ ಒಂದು ಕೆಲಸ ತೋರಿಸಿ, ಅದು ಮುಗಿದ ಮೇಲೆ ತಲೆ ಎತ್ತಿ ನಡೆಯಲು ಬಿಟ್ಟಿತು. ನನ್ನ ಮಟ್ಟಿಗೆ ದೊಡ್ಡ ಕರುಣೆ ಅದೇ.

ಕೋಟಿತೀರ್ಥದ ಬೀದಿ, ಗೋಕರ್ಣ
ಭಟ್ಕಳದವರ ಕೊನೆಯ ಮಾತಿಗೆ ನಮಸ್ಕಾರ. ನಾನು ಶಾಸ್ತ್ರ ಹಿಡಿದು ಹೇಳಹೊರಟದ್ದೂ ಇದನ್ನೇ.

ಬನವಾಸಿಯ ಮಗಳು
ಅಂಕೋಲೆಯ ಅಕ್ಕ, ನೀವು ಸಿಟ್ಟಾದಿರಿ. ನನ್ನ ಗಂಡ ಹೋದಾಗ ಹಣೆಬರಹ ಎಂದುಕೊಂಡೇ ನಾನು ಎದ್ದು ನಿಂತೆ, ಅದಿಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಆ ಮಾತು ಸುಳ್ಳು ಎಂದು ಮಾತ್ರ ಹೇಳಬೇಡಿ.

ಅಂಕೋಲೆಯ ಅಕ್ಕ
ನೀವು ನಿಮಗೇ ಹೇಳಿಕೊಂಡಿರಿ ತಾಯಿ, ಅದು ನಿಮ್ಮ ಹಕ್ಕು. ಅದನ್ನು ಸುಳ್ಳೆನ್ನಲು ನಾನು ಯಾರು?

ಬೈತಖೋಲ್ ಕಾಕಾ
ತಡವಾಗಿ ಓದಿದೆ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿತಲ್ಲ, 16 ಜನ ಹೋದರು. ಮಕ್ಕಳೂ ಇದ್ದರು. ಆ ದಿನ ನೀರಿನಿಂದ ಜನರನ್ನು ಎತ್ತಿದವರಲ್ಲಿ ನನಗೆ ಪರಿಚಯದ ಒಬ್ಬರಿದ್ದಾರೆ. ಎತ್ತಿದವರ ಲೆಕ್ಕವನ್ನು ಅವರು ಹೇಳುವುದಿಲ್ಲ. ಕೈಗೆ ಸಿಕ್ಕಿ ಜಾರಿದ ಒಂದು ಕೈಯ ಬಗ್ಗೆ ಮಾತ್ರ ಹೇಳುತ್ತಾರೆ. ದೇವರ ದರ್ಶನಕ್ಕೆ ಹೋದವರನ್ನೇ ದೇವರು ಏಕೆ ಕಾಯಲಿಲ್ಲ ಎಂದು ಎಷ್ಟೋ ಕಾಲ ಜಾತ್ರೆಯ ಕಡೆ ತಲೆ ಹಾಕಲಿಲ್ಲ. ಆ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿಲ್ಲ, ನನಗೂ ಗೊತ್ತಿಲ್ಲ. ಈಗ ಮತ್ತೆ ಹೋಗುತ್ತಾರೆ. ದಡದಲ್ಲಿ ನಿಂತು, ಜಾಕೆಟ್ ಕಟ್ಟದೆ ದೋಣಿ ಹತ್ತುವವರ ಜೊತೆ ಜಗಳ ಮಾಡುತ್ತಾರೆ. ಮಕ್ಕಳ ಜಾಕೆಟ್ಟಿನ ಪಟ್ಟಿಯನ್ನು ತಾವೇ ಎಳೆದು ಬಿಗಿಯುತ್ತಾರೆ. ಜನ ಬೈಯುತ್ತಾರೆ, ಅವರು ಜಗ್ಗುವುದಿಲ್ಲ.

ತಾಂಡೇಲನನ್ನು ಬೋಟು ಹತ್ತು ಎಂದು ಒತ್ತಾಯಿಸಬೇಡಿ. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡಲು ಎಲ್ಲರೂ ದಡಕ್ಕೆ ಬರುತ್ತಾರಲ್ಲ, ಅಲ್ಲಿಯವರೆಗೆ ಬರಲಿ. ಅಲ್ಲಿ ಹೊಸ ಹುಡುಗರಿಗೆ ಎರಡು ಮಾತು ಹೇಳಲಿ. ಅವನ ಮಾತನ್ನು ಅವರು ಕೇಳುತ್ತಾರೆ, ಇಲಾಖೆಯವರ ಮಾತನ್ನು ಕೇಳುವುದಿಲ್ಲ.

ಕಡಲಮನೆ, ಕಾರವಾರ
ನಿನ್ನೆ ರಾತ್ರಿ ಜಗುಲಿಯಲ್ಲಿ ಕುಳಿತು ಎಲ್ಲರ ಮಾತನ್ನೂ ಅಣ್ಣನಿಗೆ ಓದಿ ಹೇಳಿದೆ. ಜೀವದ ಬಗ್ಗೆ ಕೇಳಿದೆ ಸುಂಕೇರಿ ಅಕ್ಕ. ಮೊದಮೊದಲು ಹಾಗೆ ಅನ್ನಿಸುತ್ತಿತ್ತು, ಈಗ ಇಲ್ಲ ಎಂದ. ಆಸ್ಪತ್ರೆಗೆ ಬರಲು ಒಪ್ಪಿದ್ದಾನೆ, ಅತ್ತಿಗೆ ಜೊತೆಗಿರಬೇಕಂತೆ. ಬಳೆ ಕೈಯಲ್ಲೇ ಇದೆ. ಭಟ್ಕಳದ ಅಣ್ಣ ಬರೆದದ್ದನ್ನು ಮತ್ತೊಮ್ಮೆ ಓದಿಸಿದ. ಆಮೇಲೆ ಚಿಕ್ಕಮ್ಮನ ಬಗ್ಗೆ ಮೊದಲ ಬಾರಿಗೆ ಬಾಯಿ ಬಿಟ್ಟ: "ಖಾಲಿ ಕೈಯಲ್ಲಿ ಹೋಗಿ ಏನು ಹೇಳಲಿ? ಅವಳಿಗೆ ಬರಬೇಕಾದ ಪರಿಹಾರದ ಕಾಗದವೂ ಆಗಿಲ್ಲ." ಮೀನುಗಾರಿಕೆ ಇಲಾಖೆಯ ಪರಿಹಾರಕ್ಕೆ ಸಾವಿನ ದಾಖಲೆ ಕೇಳುತ್ತಾರಂತೆ. ದೇಹ ಇಲ್ಲದೆ ಅದನ್ನು ಹೇಗೆ ಮಾಡಿಸುವುದು? ಯಾರಿಗಾದರೂ ಗೊತ್ತಿದೆಯೇ?

ತದಡಿ ಬಂದರು
ನಾಪತ್ತೆ ದೂರಿನ ಪ್ರತಿ ಇದೆಯೇ? ಅದಿಲ್ಲದೆ ಯಾವ ಕಚೇರಿಯಲ್ಲೂ ಮಾತು ಮುಂದೆ ಹೋಗುವುದಿಲ್ಲ.

ಕಡಲಮನೆ, ಕಾರವಾರ
ದೂರು ಕೊಟ್ಟಿದ್ದಾರೆ. ಬೋಟಿನವರು ಅವಸರದಲ್ಲಿ ಬರೆಸಿದ್ದು, ಅಣ್ಣ ಅಂದು ಮಾತನಾಡುವ ಸ್ಥಿತಿಯಲ್ಲಿ ಇರಲಿಲ್ಲ.

ವಕೀಲರ ಮನೆ, ಕುಮಟಾ
ಹಾಗಾದರೆ ಕೆಲಸ ಅಲ್ಲಿಂದಲೇ ಶುರುವಾಗಲಿ. ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಮೃತರೆಂದು ಭಾವಿಸಲು ಕಾನೂನು ಅವಕಾಶ ಕೊಡುತ್ತದೆ, ಆದರೆ ಎಲ್ಲ ಪ್ರಕರಣಗಳಲ್ಲಿಯೂ ಅಷ್ಟು ವರ್ಷ ಕಾಯುತ್ತಾ ಕೂರಬೇಕೆಂದಿಲ್ಲ. ಹುಡುಗ ನೀರಿಗೆ ಬಿದ್ದದ್ದನ್ನು ಕಣ್ಣಾರೆ ಕಂಡವರ ಸಾಕ್ಷ್ಯ ಇದ್ದಾಗ ಅದನ್ನು ಮುಂದಿಟ್ಟುಕೊಂಡು ನ್ಯಾಯಾಲಯವನ್ನು ಕೇಳಬಹುದು. ಅಲ್ಲಿ ಎಲ್ಲಕ್ಕಿಂತ ಮುಖ್ಯವಾಗುವುದು ತಾಂಡೇಲನ ಹೇಳಿಕೆ. ಯಾವ ಹೊತ್ತು, ದಡದಿಂದ ಎಷ್ಟು ದೂರ, ಗಾಳಿ ಹೇಗಿತ್ತು, ಜಾಕೆಟ್ ಇತ್ತೇ, ಎಷ್ಟು ಹೊತ್ತು ಹುಡುಕಿದರು, ಎಲ್ಲವನ್ನೂ ಮುಚ್ಚಿಡದೆ ಹೇಳಬೇಕು. ತನ್ನ ಮೇಲೆ ಬರುವ ಮಾತಿದ್ದರೂ ಹೇಳಬೇಕು, ಹಾಗಾಗಿ ಹೇಳಿಕೆ ಕೊಡುವ ಮೊದಲು ಅವರೂ ವಕೀಲರೊಬ್ಬರನ್ನು ಕಂಡು ಬರಲಿ. ಚಿಕ್ಕಮ್ಮನಿಗೆ ವಕೀಲರ ಖರ್ಚು ಬೇಕಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ, ಕಾರವಾರದ ನ್ಯಾಯಾಲಯದಲ್ಲಿ ವಿಚಾರಿಸಿ.

ಆದರೆ ಅರ್ಜಿಗೆ ಸಹಿ ಹಾಕಬೇಕಾದವರು ಅವರು. ಮಗ ಸತ್ತನೆಂದು ಬರೆದ ಕಾಗದವನ್ನು ಮೊದಲ ದಿನವೇ ಅವರ ಮುಂದೆ ಇಡಬೇಡಿ.

ಅಂಕೋಲೆಯ ಅಕ್ಕ
ಹೌದು. ಮೊದಲ ದಿನ ಕಾಗದ ಬೇಡವೇ ಬೇಡ. ಅಣ್ಣ ಹೋಗಿ ಕುಳಿತುಕೊಳ್ಳಲಿ. ಅವರು ಬೈದರೆ ಬೈಸಿಕೊಳ್ಳಲಿ, ಹೊರಗೆ ಹಾಕಿದರೆ ಮರುದಿನ ಮತ್ತೆ ಹೋಗಲಿ. ಕೇಳಿದಾಗ ಮಾತ್ರ ಆ ದಿನದ ಕಥೆ ಹೇಳಲಿ, ಪೂರ್ತಿ ಹೇಳಲಿ.

ಘಟ್ಟದ ಮೇಲಿನವ, ಶಿರಸಿ
ನೀವೂ ಜೊತೆಗೆ ಹೋಗಿ ತಂಗಿ, ಒಬ್ಬನನ್ನೇ ಕಳುಹಿಸಬೇಡಿ. ನೀವು ಬಾಗಿಲ ಹೊರಗೆ ಕುಳಿತರೂ ಸಾಕು.

ಸುಂಕೇರಿಯ ನರ್ಸ್
ಆಸ್ಪತ್ರೆಗೆ ಬರುವಾಗ ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ ತನ್ನಿ. ಮನೋವೈದ್ಯರ ಹೊರರೋಗಿ ವಿಭಾಗಕ್ಕೆ ಬೆಳಗ್ಗೆ ಬೇಗ ಬಂದರೆ ಒಳ್ಳೆಯದು. ರಾತ್ರಿ ಬೆಚ್ಚಿ ಏಳುವುದನ್ನು ವೈದ್ಯರಿಗೆ ಅತ್ತಿಗೆಯೇ ಹೇಳಲಿ, ಗಂಡಸರು ಅದನ್ನು ಹೇಳುವುದಿಲ್ಲ.